ಬಂಬ ಮತ್ತೆ ಮತ್ತೆ ಯಾಕೆ ಸೋರುತ್ತದೆ?

ಸಣ್ಣ ಸೋರಿಕೆ ಎಂಬುದು ಸಂಸಾರದಲ್ಲಿ ಇಲ್ಲವೇ ಇಲ್ಲ. ಎಣ್ಣೆಯ ಡಬ್ಬಿಯಿಂದ ದಿನಕ್ಕೆ ನಾಲ್ಕು ಹನಿ ಹೋದರೂ ವರ್ಷದ ಕೊನೆಗೆ ಖಾತೆಯಲ್ಲಿ ಕಾಣಿಸುತ್ತದೆಂದು ವ್ಯಾಪಾರಸ್ಥರಾದ ನಾವು ಬಲ್ಲೆವು. ಈ ತಿಂಗಳು ಬಚ್ಚಲುಮನೆಯ ಬಂಬದ ವಿಷಯ ಬರೆಯುತ್ತೇವೆ. ಸೋಲಾಪುರದ ಮನೆಗಳಿಗೆ ಗೀಜರ್ ಬಂದಿದೆ, ಮಾಳಿಗೆಯ ಮೇಲೆ ಸೋಲಾರ್ ಬಂದಿದೆ. ಆದರೂ ನಾಗಣಸೂರ, ಅಕ್ಕಲಕೋಟ ಕಡೆಯ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ತಾಮ್ರದ ಬಂಬ ಇನ್ನೂ ಉಂಟು. ಕರೆಂಟು ಹೋದ ದಿನ ಎಲ್ಲರಿಗೂ ಅದರ ನೆನಪಾಗುತ್ತದೆ.

ಬಂಬದ ರಚನೆ ಸರಳ. ಸುತ್ತಲೂ ನೀರು, ನಡುವೆ ಬೆಂಕಿಯ ಕೊಳವೆ, ಕೆಳಗೆ ಬೂದಿ ಬೀಳುವ ಜಾಳಿಗೆ. ಪುಣೆಯ ಕಸಬಾ ಪೇಠದ ತಾಂಬಟ ಆಳಿಯಂಥ ಕಡೆ ತಾಮ್ರದ ತಗಡು ಬಡಿದು ಇಂಥವನ್ನು ಮಾಡುತ್ತ ಬಂದಿದ್ದಾರೆ. ತಗಡು ಸಹಸಾ ಕೆಡುವುದಿಲ್ಲ. ಕೆಡುವುದು ತಗಡು ಕೂಡಿದ ಜಾಗದ ಬೆಸುಗೆ.

ನಮ್ಮ ಮನೆಯ ಬಂಬ ಒಂದೇ ಜಾಗದಲ್ಲಿ ಮೂರು ಸಲ ಸೋರಿತು. ಮೂರನೆಯ ಸಲ ಬಂದ ವಯಸ್ಸಾದ ತಾಂಬಟರು ಒಂದು ಮಾತು ಹೇಳಿದರು: "ಸಾವಕಾರ್ರ, ತೂತು ಮುಚ್ಚೂದು ಸುಲಭ ಐತಿ. ಯಾಕ ಬಿತ್ತು ಅನ್ನೂದು ಮೊದಲ ನೋಡ್ರಿ." ಆ ಮಾತಿನಲ್ಲಿ ಎಲ್ಲವೂ ಇದೆ.

ಮೊದಲನೆಯ ಕಾರಣ, ನೀರು ಕಡಿಮೆ ಇದ್ದಾಗ ಉರಿ ಹಾಕುವುದು. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ತವರಕ್ಕೆ 232 ಡಿಗ್ರಿ ಸಾಕು. ತವರಕ್ಕೆ ಸೀಸ ಬೆರೆಸಿದ ಬೆಸುಗೆ ಇನ್ನೂ ಬೇಗ ಕರಗುತ್ತದೆ. ಬೆಸುಗೆಯ ಹಿಂದೆ ನೀರಿದ್ದರೆ ಲೋಹದ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ನೀರು ಕೆಳಗಿಳಿದರೆ ಬೆಂಕಿ ತಾಗುವ ಬೆಸುಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ನಿಯಮ ಇರಲಿ: ಒಂದು ಕೊಡ ಬಿಸಿನೀರು ತೆಗೆದವರು ಒಂದು ಕೊಡ ತಣ್ಣೀರು ಹಾಕಿಯೇ ಹೋಗಬೇಕು.

ಎರಡನೆಯದು ಗಡಸು ನೀರು. ಬೋರಿನ ನೀರು ಕಾಯ್ದಂತೆ ಸುಣ್ಣದಂಥ ಬಿಳಿ ಪದರು ಒಳಗೆ ಕೂಡುತ್ತದೆ. ಪದರು ದಪ್ಪವಾದರೆ ಬೆಂಕಿಯ ಬಿಸಿ ನೀರಿಗೆ ಬೇಗ ಮುಟ್ಟದು. ಕಟ್ಟಿಗೆ ಹೆಚ್ಚು ಬೇಕಾಗುತ್ತದೆ, ಬೆಸುಗೆಯೂ ಕಾಯುತ್ತದೆ. ನಿಂಬೆ ಉಪ್ಪು ಕಲಸಿದ ನೀರು ತುಂಬಿ ಕೆಲವು ತಾಸು ಬಿಟ್ಟು ತೊಳೆದರೆ ಪದರು ಬಿಡುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕಬೇಡಿ, ಅದು ಲೋಹವನ್ನೂ ತಿನ್ನುತ್ತದೆ. ಪದರು ಹೋದ ಮೇಲೆ ಹೊಸದಾಗಿ ಸೋರಿದರೆ ಗಾಬರಿ ಬೇಡ. ಅಲ್ಲಿ ಮೊದಲೇ ಇದ್ದ ತೂತನ್ನು ಪದರು ಮುಚ್ಚಿತ್ತು, ಅಷ್ಟೇ.

ಇನ್ನು ಸುಳ್ಳು ಸೋರಿಕೆಯೂ ಉಂಟು. ತಣ್ಣೀರು ತುಂಬಿ ಉರಿ ಹಾಕಿದೊಡನೆ ಹೊಗೆಯೊಳಗಿನ ಆವಿ ತಣ್ಣನೆಯ ತಾಮ್ರಕ್ಕೆ ತಾಗಿ ಹನಿಯಾಗಿ ಬೂದಿಗೆ ಬೀಳುತ್ತದೆ. ನೀರು ಕಾಯ್ದ ಮೇಲೆ ಅದು ನಿಂತರೆ ಬಂಬ ಸೋರುತ್ತಿಲ್ಲ. ನಿಲ್ಲದಿದ್ದರೆ ಬಂಬ ಆರಿದ ಮೇಲೆ ಹೊರಮೈ ಒರೆಸಿ, ಒಣ ಸುಣ್ಣ ತಿಕ್ಕಿ, ನೀರು ತುಂಬಿ ನೋಡಿ. ಒದ್ದೆಯ ಗೆರೆ ತಾನೇ ಜಾಗ ತೋರಿಸುತ್ತದೆ.

ತಾಯಂದಿರು ಮುಂದಿನ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮಲ್ಲಿ ಕಾಯಿಸಿದ ನೀರನ್ನೇ ಕುಡಿಯುವ ನಿಯಮ ಹಿಡಿದವರು ಅನೇಕರು. ಹೇಗೂ ಕಾಯ್ದಿದೆಯೆಂದು ಬಂಬದ ನೀರನ್ನೇ ಕುಡಿಯಲು ತೆಗೆಯುವ ರೂಢಿ ಕೆಲವು ಮನೆಗಳಲ್ಲಿದೆ. ಬೆಸುಗೆಯಲ್ಲಿ ಸೀಸವಿದ್ದರೆ ಬಿಸಿನೀರಿನಲ್ಲಿ ಅದು ಹೆಚ್ಚು ಬಿಡುತ್ತದೆ. ಸೀಸ ಎಲ್ಲರಿಗೂ ವಿಷ, ಬೆಳೆಯುವ ಮಕ್ಕಳ ಬುದ್ಧಿಗಂತೂ ದೊಡ್ಡ ಹಾನಿ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ನಿಲ್ಲುವುದಿಲ್ಲ. ಬಂಬದ ನೀರು ಸ್ನಾನಕ್ಕೆ ಇರಲಿ. ಕುಡಿಯುವ ನೀರನ್ನು ಸೋಸಿ ಸ್ಟೀಲಿನ ಪಾತ್ರೆಯಲ್ಲಿ ಬೇರೆ ಕಾಯಿಸಿ. ಬೆಸುಗೆ ಹಾಕಿಸುವಾಗ ಸೀಸವಿಲ್ಲದ ತವರವನ್ನೇ ಕೇಳಿ.

ಗೀಜರ್ ಇದ್ದವರಿಗೂ ಎರಡು ಮಾತು. ಕಾಯ್ದ ನೀರು ಹಿಗ್ಗುವುದರಿಂದ ಸೇಫ್ಟಿ ವಾಲ್ವಿನಿಂದ ಆಗಾಗ ನಾಲ್ಕು ಹನಿ ಬೀಳುವುದು ಸಹಜ. ಅದನ್ನು ಎಂದಿಗೂ ಬಿರಡೆ ಹಾಕಿ ಮುಚ್ಚಬೇಡಿ, ಒತ್ತಡ ಏರಿ ಟಾಕಿ ಒಡೆಯಬಹುದು. ಸದಾ ಸುರಿಯುತ್ತಿದ್ದರೆ ತಿಳಿದವರನ್ನು ಕರೆಸಿ. ಟಾಕಿಯ ಮೈಯೇ ಸೋರಿದರೆ ಮೊದಲು ಕರೆಂಟು ಬಂದ್ ಮಾಡಿ. ಅದು ತೇಪೆಗೆ ನಿಲ್ಲುವುದಿಲ್ಲ.

ಮಕ್ಕಳು ಚಳಿದೇಶದಲ್ಲಿರುವವರು ಅಲ್ಲಿಯ ಮನೆ ಬೆಚ್ಚಗಿಡುವ ಬಾಯ್ಲರಿನ ಕತೆಯನ್ನೂ ಕೇಳಿರಬಹುದು. ಅಲ್ಲಿ ಕೊಳವೆಗಳಲ್ಲಿ ಅದೇ ನೀರು ಸುತ್ತುತ್ತದೆ. ಸೋರಿತೆಂದು ದಿನವೂ ಹೊಸ ನೀರು ತುಂಬಿದರೆ ಅದರ ಜೊತೆ ಹೊಸ ಗಾಳಿ, ಹೊಸ ಸುಣ್ಣ ಒಳಗೆ ಹೋಗಿ ಕಬ್ಬಿಣ ತುಕ್ಕು ಹಿಡಿದು ಇನ್ನೊಂದು ತೂತು ಬೀಳುತ್ತದೆ. ಊರು ಬೇರೆ, ರೋಗ ಒಂದೇ.

ಕಡೆಗೆ ಲೆಕ್ಕದ ಮಾತು. ರಿಪೇರಿಯ ಖರ್ಚನ್ನು ತಾರೀಖು ಸಹಿತ ಒಂದು ವಹಿಯಲ್ಲಿ ಬರೆದಿಡಿ. ಕಾರಣ ತೆಗೆದ ಮೇಲೂ ಅದು ಸೋರಿದರೆ, ಅಥವಾ ತಗಡೇ ತೆಳುವಾಗಿ ಬೆರಳಿಗೆ ಬಗ್ಗುತ್ತಿದ್ದರೆ, ಇನ್ನು ತೇಪೆ ಬೇಡ. ಹಳೆಯ ತಾಮ್ರಕ್ಕೆ ತೂಕದ ಬೆಲೆ ಇದ್ದೇ ಇದೆ, ಆ ರೊಕ್ಕ ಹೊಸದಕ್ಕೆ ಆಧಾರವಾಗುತ್ತದೆ. ಹಿರಿಯರ ವಸ್ತುವೆಂಬ ಅಭಿಮಾನ ಒಳ್ಳೆಯದೇ. ಆದರೆ ಹಿರಿಯರು ಅದನ್ನು ತಂದದ್ದು ಮನೆಯವರ ಸುಖಕ್ಕೆ ಎಂಬುದನ್ನು ಮರೆಯಬಾರದು.

ಜಯ ಜಿನೇಂದ್ರ.