‘ಚೀಟಿ ಎಂತಕ್ಕೆ?’ ಎಂದವರೇ ಮತ್ತೆ ‘ಚೀಟಿ ಉಂಟಾ?’ ಎಂದು ಕೇಳುತ್ತಾರೆ

ಬಿ.ಸಿ. ರೋಡಿನಲ್ಲಿ ರವಿಕೆ ಹೊಲಿಯಲು ಕೊಡಿ. ಟೈಲರ್ ಅಳತೆ ಬರೆದುಕೊಳ್ಳುತ್ತಾರೆ, ಬಟ್ಟೆಯ ಒಂದು ಚೂರನ್ನು ಚೀಟಿಗೆ ಪಿನ್ ಮಾಡುತ್ತಾರೆ, ನಂಬರು ಹಾಕಿ ನಿಮ್ಮ ಕೈಗೂ ಒಂದು ಕೊಡುತ್ತಾರೆ. ಬೆಳ್ತಂಗಡಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟರೂ ಚೀಟಿ ಸಿಗುತ್ತದೆ. ಮೂಡುಬಿದಿರೆಯಲ್ಲಿ ಮೊಬೈಲಿನ ಡಿಸ್‌ಪ್ಲೇ ಬದಲಿಸಲು ಕೊಟ್ಟರೆ ಹೆಸರು, ಫೋನ್ ನಂಬರು, ಮೊಬೈಲಿನ ಮಾಡೆಲ್ ಎಲ್ಲ ಪುಸ್ತಕದಲ್ಲಿ ಬರುತ್ತದೆ.

ಇನ್ನು ಎರಡೂವರೆ ಪವನಿನ ಚೈನನ್ನು ಚಿನ್ನದ ಅಂಗಡಿಗೆ ರಿಪೇರಿಗೆ ಕೊಡಿ. ಕುತ್ತಿಗೆಯಿಂದ ತೆಗೆದು ಕೌಂಟರಿನ ಮೇಲೆ ಇಡುತ್ತೀರಿ. ಅವರು ಒಂದು ಸಣ್ಣ ಕವರಿಗೆ ಹಾಕಿ, ಮೇಲೆ ಹೆಸರು ಬರೆದು, ಡ್ರಾಯರಿನೊಳಗೆ ಹಾಕುತ್ತಾರೆ. ‘ಬುಧವಾರ ಬನ್ನಿ ಅಕ್ಕ’ ಎನ್ನುತ್ತಾರೆ. ನೀವು ಬರಿಗೈಯಲ್ಲಿ ಬಸ್ಸು ಹತ್ತುತ್ತೀರಿ.

ಹೀಗೆ ಬಸ್ಸು ಹತ್ತಿದವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬರು. ಬೀಡಿ ಕಟ್ಟಿ ವರ್ಷಗಟ್ಟಲೆ ಉಳಿಸಿ ಮಾಡಿಸಿಕೊಂಡ ಚೈನು ಅದು. ಕೊಕ್ಕೆ ಸಡಿಲವಾಗಿತ್ತು. ಮದುವೆಗೆ ಹೋಗಲಿಕ್ಕಿದೆ ಎಂದು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟರು. ‘ಒಂದು ಚೀಟಿ ಕೊಡ್ತೀರಾ?’ ಎಂದು ಕೇಳಿದ್ದರಂತೆ. ಅಂಗಡಿಯವರು ನಕ್ಕು, ‘ಚೀಟಿ ಎಂತಕ್ಕೆ ಅಕ್ಕ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂದರು. ಚಿಕ್ಕಮ್ಮನಿಗೆ ನಾಚಿಕೆಯಾಯಿತು. ಸುಮ್ಮನಾದರು.

ಬುಧವಾರ ಹೋಗಿ ಮುಂದಿನ ಬುಧವಾರ ಬಂತು. ಮದುವೆಗೆ ರೋಲ್ಡ್ ಗೋಲ್ಡ್ ಹಾಕಿಕೊಂಡು ಹೋದರು. ಮೂರನೇ ವಾರ ಚೈನು ಸಿಕ್ಕಿತು, 350 ರೂಪಾಯಿ ಕೊಟ್ಟು ತಂದರು. ಹದಿನೈದು ದಿನದಲ್ಲಿ ಬಸ್ಸಿನಲ್ಲಿ ಅದೇ ಜಾಗದಲ್ಲಿ ಬೆಸುಗೆ ಬಿಟ್ಟಿತು. ಸೆರಗಿನಲ್ಲಿ ಸಿಕ್ಕಿಕೊಂಡ ಕಾರಣ ಚೈನು ಉಳಿಯಿತು. ಜೂನ್‌ನಲ್ಲಿ ಮಗನ ಫೀಸಿಗೆಂದು ಸೊಸೈಟಿಯಲ್ಲಿ ಅಡವಿಡಲು ಹೋದಾಗ ಸರಾಫರು ತೂಗಿ ನೋಡಿದರು. ಹಿಂದಿನ ವರ್ಷದ ಅಡವಿನ ರಶೀದಿಯಲ್ಲಿ ಇದ್ದದ್ದಕ್ಕಿಂತ ಒಂದೂಕಾಲು ಗ್ರಾಂ ಕಡಿಮೆ.

ಚಿಕ್ಕಮ್ಮ ಅಂಗಡಿಗೆ ಹೋಗಿ ಕೇಳಿದರು. ಅದೇ ಮನುಷ್ಯ, ಅದೇ ಕೌಂಟರು. ‘ನಮ್ಮಲ್ಲೇ ಕೊಟ್ಟದ್ದು ಅಂತ ಎಂತ ಗ್ಯಾರಂಟಿ? ಚೀಟಿ ಉಂಟಾ?’

ಈ ಬರಹ ಆ ಎರಡು ಪ್ರಶ್ನೆಗಳ ಬಗ್ಗೆ.

ನಂಬಿಕೆ ಒಂದೇ ಕಡೆಗೆ ಯಾಕೆ?

ಚಿನ್ನದ ವ್ಯಾಪಾರ ನಂಬಿಕೆಯ ಮೇಲೆ ನಡೆಯುತ್ತದೆ ಎಂಬ ಮಾತನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ಸರಿ. ಹಾಗಾದರೆ ನಾಳೆ ಹೋಗಿ, ‘ನಂಬಿಕೆಯ ಮೇಲೆ ಒಂದು ಪವನು ಕೊಡಿ, ದುಡ್ಡು ಬುಧವಾರ ತರುತ್ತೇನೆ, ಬರೆದಿಡುವುದು ಬೇಡ’ ಎಂದು ಕೇಳಿ ನೋಡಿ. ಕೊಡುತ್ತಾರಾ? ಅವರ ಚಿನ್ನ ನಮ್ಮ ಕೈಗೆ ಬರುವಾಗ ಮಿಲಿಗ್ರಾಮಿನ ಲೆಕ್ಕ, ನಮ್ಮ ಚಿನ್ನ ಅವರ ಕೈಗೆ ಹೋಗುವಾಗ ನಂಬಿಕೆಯ ಲೆಕ್ಕ. ಇದನ್ನು ನಂಬಿಕೆ ಎನ್ನಲು ನಾನು ತಯಾರಿಲ್ಲ.

ಪ್ರಾಮಾಣಿಕ ಅಕ್ಕಸಾಲಿಗರಿಗೆ ಚೀಟಿಯಿಂದ ನಷ್ಟವಿಲ್ಲ, ಲಾಭವೇ ಇದೆ. ಹಳೆಯ ಟೊಳ್ಳು ಒಡವೆಗಳ ಒಳಗೆ ಅರಗು ತುಂಬಿರುತ್ತದೆ. ಬೆಂಕಿ ತಾಗಿದರೆ ಅದು ಕರಗಿ ತೂಕ ಇಳಿಯುತ್ತದೆ. ಅರ ಹಾಕಿ ಪಾಲಿಶ್ ಮಾಡಿದರೆ ಸ್ವಲ್ಪ ಚಿನ್ನ ಸವೆಯುವುದೂ ನಿಜ. ತೂಕ ಇಳಿದದ್ದೆಲ್ಲ ಕಳ್ಳತನವಲ್ಲ. ಆದರೆ ಕೊಡುವಾಗಲೇ ತೂಗಿ, ‘ಇದರಲ್ಲಿ ಅರಗು ಉಂಟು, ಇಷ್ಟು ಕಡಿಮೆಯಾದೀತು’ ಎಂದು ಬರೆದುಕೊಟ್ಟರೆ ಆಚಾರ್ರ ಮೇಲೆ ಸುಳ್ಳು ಅಪವಾದ ಬರುವುದಿಲ್ಲ. ದೊಡ್ಡ ಶೋರೂಮುಗಳ ಎದುರು ಕಷ್ಟಪಟ್ಟು ನಿಂತಿರುವ ನಮ್ಮೂರ ಸಣ್ಣ ಕುಲುಮೆಗಳಿಗೆ ಒಳ್ಳೆಯ ಹೆಸರೇ ಬಂಡವಾಳ. ಆ ಹೆಸರನ್ನು ಕಾಯುವುದೂ ಚೀಟಿಯೇ.

ಕಾನೂನು ಏನು ಹೇಳುತ್ತದೆ?

‘ರಿಪೇರಿಗೆಲ್ಲ ಕೋರ್ಟು ಉಂಟಾ?’ ಎಂದು ಕೇಳುವವರಿದ್ದಾರೆ. ಉಂಟು. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ದೇಶದಲ್ಲಿ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅಂಗಡಿಯಲ್ಲಿ ಕೊಂಡ ಸಾಮಾನಿಗೆ ಮಾತ್ರವಲ್ಲ, ದುಡ್ಡು ಕೊಟ್ಟು ಮಾಡಿಸಿಕೊಂಡ ಕೆಲಸಕ್ಕೂ ಅದು ಅನ್ವಯಿಸುತ್ತದೆ. ಕೆಲಸದಲ್ಲಿ ಕೊರತೆ, ನಿರ್ಲಕ್ಷ್ಯದಿಂದ ಆದ ನಷ್ಟ, ಹೇಳಬೇಕಾದ ವಿಷಯ ಬೇಕೆಂದೇ ಮುಚ್ಚಿಡುವುದು, ಮೂರೂ ಅದರಲ್ಲಿ ‘ಸೇವಾ ನ್ಯೂನತೆ’ಯೇ. ಮಾರಿದ ಸಾಮಾನಿಗೆ ಅಥವಾ ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಅಂದರೆ ಚೀಟಿ ಕೇಳುವುದು ಅಪನಂಬಿಕೆಯಲ್ಲ, ಕೊಡದೆ ಇರುವುದೇ ತಪ್ಪು.

ಇದಕ್ಕಿಂತ ಎಷ್ಟೋ ಹಳೆಯ ಕಾನೂನು ಒಂದುಂಟು, 1872ರ ಕರಾರು ಕಾಯ್ದೆ. ಕೆಲಸಕ್ಕೆಂದು ಒಪ್ಪಿಸಿದ ವಸ್ತುವನ್ನು, ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಂಡಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕು ಎನ್ನುತ್ತದೆ ಅದರ 151ನೇ ಕಲಂ. ಕೇಳದೆ ನಮ್ಮ ವಸ್ತುವನ್ನು ಬೇರೆಯದರೊಡನೆ ಬೇರ್ಪಡಿಸಲಾಗದಂತೆ ಬೆರೆಸಿದರೆ ಪರಿಹಾರ ಕೊಡಬೇಕು ಎನ್ನುತ್ತದೆ 157. ಹೊತ್ತಿಗೆ ಸರಿಯಾಗಿ ಹಿಂದಿರುಗಿಸದೆ ಇಟ್ಟುಕೊಂಡರೆ, ಆಮೇಲೆ ಆದ ನಷ್ಟ ಇಟ್ಟುಕೊಂಡವರ ತಲೆಯ ಮೇಲೆ ಎನ್ನುತ್ತದೆ 161. ಅಂಗಡಿಯವರಿಗೂ ಹಕ್ಕುಂಟು: ಒಪ್ಪಿದ ಕೆಲಸ ಮುಗಿಸಿದ ಮೇಲೆ ಮಜೂರಿ ಸಿಗುವ ತನಕ ಒಡವೆ ಇಟ್ಟುಕೊಳ್ಳಬಹುದು. ಅದು 170ನೇ ಕಲಂ. ಅದಕ್ಕೆ ಕಾನೂನಿನ ಪುಸ್ತಕದಲ್ಲೇ ಕೊಟ್ಟ ಉದಾಹರಣೆ, ಕತ್ತರಿಸಿ ಪಾಲಿಶ್ ಮಾಡಲು ಆಭರಣದವನಿಗೆ ಕೊಟ್ಟ ವಜ್ರದ್ದು. ನೂರೈವತ್ತು ವರ್ಷದ ಹಿಂದೆಯೇ ಯೋಚಿಸಿದ ವಿಷಯಕ್ಕೆ ನಾವು ಇಂದೂ ‘ಹೋಗ್ಲಿ ಬಿಡಿ’ ಎನ್ನುತ್ತಿದ್ದೇವೆ.

ಎರಡು ಮಾತುಗಳ ಬಗ್ಗೆ ಎಚ್ಚರ ಇರಲಿ.

ಒಂದು, ‘ನೀವು ಹಳೇ ಗಿರಾಕಿ, ದುಡ್ಡು ಬೇಡ.’ ಕೇಳಲು ಸಿಹಿಯೇ. ಆದರೆ ಪೂರ್ತಿ ಉಚಿತವಾಗಿ ಮಾಡಿಕೊಟ್ಟ ಕೆಲಸವನ್ನು ಗ್ರಾಹಕ ಕಾಯ್ದೆ ‘ಸೇವೆ’ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಐವತ್ತೇ ರೂಪಾಯಿ ಆಗಲಿ, ಕೊಟ್ಟು ಬಿಲ್ಲು ತೆಗೆದುಕೊಳ್ಳಿ.

ಇನ್ನೊಂದು, ‘ಅದು ನಾವು ಮಾಡಿದ್ದಲ್ಲ, ಮಂಗಳೂರಿಗೆ ಕಳಿಸಿದ್ದು.’ ನೀವು ಒಡವೆ ಕೊಟ್ಟದ್ದು ಯಾರಿಗೆ, ಮಜೂರಿ ಕೊಟ್ಟದ್ದು ಯಾರಿಗೆ? ಅವರೇ ಉತ್ತರ ಹೇಳಬೇಕು. ಅವರು ಯಾರಿಂದ ಮಾಡಿಸಿದರು ಎನ್ನುವುದು ಅವರವರ ಲೆಕ್ಕ.

ಹಾಲ್‌ಮಾರ್ಕ್ ರಿಪೇರಿಯನ್ನು ಕಾಯುವುದಿಲ್ಲ

‘ನಮ್ಮದು ಹಾಲ್‌ಮಾರ್ಕ್ ಚಿನ್ನ, ಹೆದರಿಕೆ ಇಲ್ಲ’ ಎನ್ನುವವರಿಗೂ ಒಂದು ಮಾತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯಲ್ಲಿ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಸಿಗುತ್ತದೆ. ಆದರೆ ಆ ಮುದ್ರೆ ಹೇಳುವುದು ಪರೀಕ್ಷೆ ಮಾಡಿದ ದಿನದ ಕತೆ. ಆಮೇಲೆ ಯಾರು ಎಲ್ಲಿ ತುಂಡು ಮಾಡಿದರು, ಎಂಥ ಬೆಸುಗೆ ಹಾಕಿದರು ಎಂದು ಮುದ್ರೆಗೆ ಗೊತ್ತಿಲ್ಲ. ಅರ ಹಾಕುವಾಗ ಮುದ್ರೆಯೇ ಅಳಿಸಿಹೋಗಬಹುದು. ಆದ್ದರಿಂದ ಕೊಡುವ ಮೊದಲು ಎಚ್‌ಯುಐಡಿ ಸಂಖ್ಯೆಯ ಫೋಟೋ ತೆಗೆದಿಡಿ. ಬಂದ ಮೇಲೆ ಸಂಶಯವಿದ್ದರೆ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿ. ಅಂಗಡಿಯವರೇ ಹೋಗಬೇಕೆಂದಿಲ್ಲ, ನಾವೂ ಹೋಗಬಹುದು.

ಚೀಟಿಯಲ್ಲಿ ಏನಿರಬೇಕು?

ದೊಡ್ಡ ಕಾಗದ ಬೇಡ, ಅಂಗೈಯಗಲದ ಚೀಟಿ ಸಾಕು. ಇಷ್ಟು ಬರೆಸಿಕೊಳ್ಳಿ:

1. ಅಂಗಡಿಯ ಹೆಸರು, ತಾರೀಕು, ನಿಮ್ಮ ಹೆಸರು.
2. ಒಡವೆ ಯಾವುದು, ಎಷ್ಟು ಗ್ರಾಂ, ಎಷ್ಟು ಮಿಲಿಗ್ರಾಂ. ನಿಮ್ಮ ಕಣ್ಣೆದುರೇ ತೂಗಲಿ. ತಕ್ಕಡಿಯಲ್ಲಿ ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯೇ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಅದು ಪ್ರತಿ ವರ್ಷ ಆಗಬೇಕು.
3. ಕಲ್ಲು, ಹವಳ, ಮುತ್ತು, ಕರಿಮಣಿ ಇದ್ದರೆ ಎಷ್ಟು.
4. ಮಾಡಬೇಕಾದ ಕೆಲಸ. ‘ರಿಪೇರಿ’ ಎಂದು ಬರೆದರೆ ಸಾಲದು. ‘ಕೊಕ್ಕೆ ಬದಲಿಸುವುದು’ ಎಂದಿರಲಿ.
5. ಮಜೂರಿ ಎಷ್ಟು, ಕೊಡುವ ದಿನ ಯಾವುದು. ಚಿನ್ನ ಸೇರಿಸಬೇಕಾದರೆ ಎಷ್ಟು. ತೆಗೆದ ಹಳೆಯ ತುಂಡು ವಾಪಸು ಕೊಡಬೇಕು ಎಂಬುದೂ ಇರಲಿ.
6. ಸಹಿ ಅಥವಾ ಅಂಗಡಿಯ ಸೀಲು.

ತರುವಾಗ ಮತ್ತೆ ತೂಗಿಸಿ, ಅದೇ ಚೀಟಿಯಲ್ಲಿ ಬರೆಸಿ. ದುಡ್ಡನ್ನು ಫೋನ್‌ಪೇ, ಗೂಗಲ್‌ಪೇಯಲ್ಲಿ ಕೊಟ್ಟರೆ ಅದೂ ಒಂದು ದಾಖಲೆ.

ಕೆಲಸ ಕೆಟ್ಟಾಗಿದೆ, ಈಗ ಎಂತ ಮಾಡುವುದು?

ಮೊದಲು ಅಂಗಡಿಗೆ ಹೋಗಿ ನೇರವಾಗಿ ಹೇಳಿ. ಒಪ್ಪಿ ಸರಿಮಾಡಿಕೊಡುವವರು ಇದ್ದಾರೆ. ಒಪ್ಪದಿದ್ದರೆ ಬರವಣಿಗೆಯಲ್ಲಿ ಕೇಳಿ. ಸ್ಪೀಡ್ ಪೋಸ್ಟ್ ಆಗಬಹುದು, ವಾಟ್ಸ್ಆ್ಯಪ್ ಆದರೂ ಆಗಬಹುದು. ಅದೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಅಲ್ಲೂ ಮುಗಿಯದಿದ್ದರೆ ಮಂಗಳೂರಿನಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಉಂಟು. ನಮ್ಮ ಮೂರೂ ತಾಲೂಕಿಗೆ ಅದೇ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಕಾಸರಗೋಡಿನಲ್ಲಿರಲಿ, ಕಂಪನಿಯ ಹೆಡ್ಡಾಫೀಸು ಬೆಂಗಳೂರಿನಲ್ಲಿರಲಿ, ಅವರೇ ಇಲ್ಲಿಗೆ ಬರಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಮಜೂರಿ, ಒಡವೆಯ ಬೆಲೆಯಲ್ಲ. ವಕೀಲರು ಇರಲೇಬೇಕೆಂದಿಲ್ಲ. ‘ಇ-ಜಾಗೃತಿ’ ಪೋರ್ಟಲಿನಲ್ಲಿ ಮೊಬೈಲಿನಿಂದಲೇ ದೂರು ಹಾಕಬಹುದು. ಗಡುವು ಎರಡು ವರ್ಷ. ಎದುರು ಪಕ್ಷಕ್ಕೆ ನೋಟಿಸು ಮುಟ್ಟಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ನಿಜದಲ್ಲಿ ತಡವಾಗಬಹುದು. ಆದರೆ ದೂರು ಕೊಡದಿದ್ದರೆ ಯಾವತ್ತಿಗೂ ಆಗುವುದಿಲ್ಲ.

ಬರೆಯಲು ಗೊತ್ತಿಲ್ಲವೇ? ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯ ಪ್ರಕಾರ ಉಚಿತ ಕಾನೂನು ನೆರವಿನ ಹಕ್ಕುಂಟು. ಪರಿಶಿಷ್ಟ ಜಾತಿ, ಪಂಗಡದವರಿಗೂ ಉಂಟು. ಒಡವೆಯನ್ನೇ ಕೊಡುವುದಿಲ್ಲ ಎಂದರೆ ಅದು ನಂಬಿಕೆ ದ್ರೋಹದ ವಿಷಯ, ಪೊಲೀಸ್ ಠಾಣೆಗೂ ಹೋಗಬಹುದು.

ಚೀಟಿ ಇಲ್ಲದವರು ಸೋತರೆಂದೇನಿಲ್ಲ

ಚಿಕ್ಕಮ್ಮನ ಬಳಿ ಚೀಟಿ ಇಲ್ಲ, ನಿಜ. ಆದರೆ ಅವರ ಮಗಳ ಫೋನಿನಲ್ಲಿ ನಾನು ಹುಡುಕಿದಾಗ, ‘ಅಮ್ಮನ ಚೈನು ರೆಡಿ ಆಯ್ತಾ?’ ಎಂಬ ಮೆಸೇಜೂ, ಅಂಗಡಿಯಿಂದ ‘ನಾಳೆ ಸಂಜೆ’ ಎಂಬ ಉತ್ತರವೂ ಸಿಕ್ಕಿತು. ಚೈನು ಆ ಅಂಗಡಿಯಲ್ಲೇ ಇತ್ತು ಎನ್ನಲು ಅದು ಸಾಕ್ಷಿ. ಮೊದಲು ಎಷ್ಟು ತೂಕವಿತ್ತು ಎನ್ನಲು ಸೊಸೈಟಿಯ ಹಳೆಯ ರಶೀದಿ ಉಂಟು. ಜೊತೆಗೆ ಹೋದವರು ಪ್ರಮಾಣಪತ್ರ ಕೊಡಬಹುದು. ನಿಮ್ಮಲ್ಲೂ ಇಂಥದ್ದು ಏನಾದರೂ ಇದ್ದೀತು. ಮೆಸೇಜು ಡಿಲೀಟ್ ಮಾಡಬೇಡಿ.

ನಾನು ದೂರು ಬರೆದು ತಂದೆ. ಚಿಕ್ಕಮ್ಮ ಸಹಿ ಹಾಕಲಿಲ್ಲ. ‘ಬೇಡ ಮಗ, ನಾಳೆಯೂ ಅದೇ ಪೇಟೆಗೆ ಹೋಗ್ಬೇಕಲ್ಲ’ ಎಂದರು.

ನನಗೆ ಸಿಟ್ಟು ಬಂದದ್ದು ಅಂಗಡಿಯವರ ಮೇಲೆ ಮಾತ್ರವಲ್ಲ. ಒಂದೂಕಾಲು ಗ್ರಾಂ ಚಿನ್ನಕ್ಕೆ ಎಷ್ಟು ಸಾವಿರ ಬೀಡಿ ಕಟ್ಟಬೇಕು, ಕಟ್ಟುವವರೇ ಲೆಕ್ಕ ಹಾಕಲಿ. ಅಷ್ಟನ್ನು ಕಳೆದುಕೊಂಡವರು ತಲೆ ತಗ್ಗಿಸಿ ಪೇಟೆಯಲ್ಲಿ ನಡೆಯಬೇಕು, ಕಳೆದವರು ತಲೆ ಎತ್ತಿ ಕೂರಬೇಕು. ಇದನ್ನು ಒಪ್ಪಿಕೊಂಡವರು ನಾವೇ. ಪ್ರತಿ ವರ್ಷ ಡಿಸೆಂಬರ್ 24ಕ್ಕೆ ಗ್ರಾಹಕರ ದಿನ ಎಂದು ಶಾಲೆ ಕಾಲೇಜುಗಳಲ್ಲಿ ಬ್ಯಾನರು ಕಟ್ಟಿ ಭಾಷಣ ಮಾಡುತ್ತೇವೆ. ‘ಚಿನ್ನ ಕೊಡುವಾಗ ತೂಕ ಬರೆಸಿಕೊಳ್ಳಿ’ ಎಂಬ ಒಂದು ವಾಕ್ಯ ಆ ಭಾಷಣದಿಂದ ಮನೆಗೆ ಬಂದಿಲ್ಲ.

ಗ್ರಾಹಕ ಚಳವಳಿ ನಮ್ಮ ಕರಾವಳಿಗೆ ಹೊಸತೇನಲ್ಲ. ಉಡುಪಿ ಇನ್ನೂ ನಮ್ಮ ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ ಬಳಕೆದಾರರ ವೇದಿಕೆ ಇತ್ತು, ಡಾ. ರವೀಂದ್ರನಾಥ ಶಾನುಭಾಗರು ಅದನ್ನು ಮುನ್ನಡೆಸಿದ್ದರು. ಅಷ್ಟು ಸಣ್ಣ ಊರಿನಲ್ಲಿ ಆದದ್ದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಯಾಕೆ ಆಗಬಾರದು?

ದೊಡ್ಡ ಕೆಲಸವೇನಲ್ಲ. ಸಂಜೀವಿನಿ ಒಕ್ಕೂಟಗಳು, ಸ್ವಸಹಾಯ ಸಂಘಗಳು ವಾರದ ಸಭೆಯಲ್ಲಿ ಒಂದು ನಿರ್ಣಯ ಮಾಡಲಿ: ಚೀಟಿ ಕೊಡದ ಅಂಗಡಿಗೆ ನಮ್ಮ ಸಂಘದ ಯಾರೂ ಒಡವೆ ರಿಪೇರಿಗೆ ಕೊಡುವುದಿಲ್ಲ. ಒಬ್ಬರೇ ಕೇಳಿದರೆ ನಾಚಿಕೆ. ಊರಿನವರೆಲ್ಲ ಕೇಳಿದರೆ ತಿಂಗಳೊಳಗೆ ಪ್ರತಿ ಅಂಗಡಿಯಲ್ಲೂ ಚೀಟಿ ಪುಸ್ತಕ ಬರುತ್ತದೆ.

ಚಿಕ್ಕಮ್ಮನ ಎರಡು ವರ್ಷದ ಗಡುವು ಇನ್ನೂ ಮುಗಿದಿಲ್ಲ. ಬರೆದ ದೂರು ನನ್ನ ಬ್ಯಾಗಿನಲ್ಲೇ ಇದೆ. ಮೊನ್ನೆ ಅವರು ಫೋನ್ ಮಾಡಿ, ‘ಆ ಕಾಗದ ಬಿಸಾಡಿದ್ದೀಯಾ?’ ಎಂದು ಕೇಳಿದರು. ಇಲ್ಲ ಎಂದೆ. ‘ಇರಲಿ, ಇಟ್ಟುಕೊ’ ಎಂದರು.