ಮಾಲಿ ಕಲಿಸಿದ ಶಸ್ತ್ರವಿದ್ಯೆ

ಅಂಗಾಂಗ ಕಸಿ ಮಾಡುವುದನ್ನು ಕಲಿಯುವ ಎಳೆಯ ಶಸ್ತ್ರವೈದ್ಯರಿಗೆ ಏನೇನು ತಿಳಿದಿರಬೇಕು ಎಂಬುದು ಡಾಕ್ಟರುಗಳ ಮನೆಮಾತು, ನಮಗೇಕೆ ಎಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಅವರ ಕತ್ತಿಯ ಕೆಳಗೆ ಮಲಗುವವರು ನಾವು. ಕಸಿಗೆ ಬೇಕಾದ ಅಂಗವನ್ನು ಕೊಡುವವರೂ ನಾವೇ. ಆದ್ದರಿಂದ ಆ ಪಾಠದಲ್ಲಿ ಏನಿದೆ, ಏನಿಲ್ಲ ಎಂದು ಕೇಳುವ ಹಕ್ಕು ಗಿರಣಿಯ ಕೆಲಸಗಾರನಿಗೂ ಉಂಟು, ಸಂತೆಯಲ್ಲಿ ಅಂಗಡಿ ಹೂಡುವವನಿಗೂ ಉಂಟು.

ಇರುವ ಪಾಠ ಕಠಿಣವಾದದ್ದೇ. ದೇಹದಿಂದ ತೆಗೆದ ಅಂಗಕ್ಕೆ ರಕ್ತ ನಿಂತ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ಅದನ್ನು ಮಂಜುಗಡ್ಡೆಯಷ್ಟು ತಣ್ಣಗಿಟ್ಟರೂ ಹೃದಯ ತಡೆಯುವುದು ಸುಮಾರು 4ರಿಂದ 6 ಗಂಟೆ. ಮೂತ್ರಪಿಂಡ ಒಂದು ದಿನ ಅಥವಾ ತುಸು ಹೆಚ್ಚು. ಅಷ್ಟರೊಳಗೆ ನಾಳಕ್ಕೆ ನಾಳ ಕೂಡಿಸಿ ಹೊಲಿಯಬೇಕು. ಹೊಲಿಗೆ ಸಡಿಲವಾದರೆ ರಕ್ತ ಸೋರುತ್ತದೆ. ಬಿಗಿಯಾದರೆ ದಾರಿ ಕಟ್ಟಿ ರಕ್ತ ಹೆಪ್ಪುಗಟ್ಟುತ್ತದೆ. ರಕ್ತದ ಗುಂಪು ಹೊಂದಬೇಕು. ಪರರ ಅಂಗವನ್ನು ದೇಹ ಹಗೆಯೆಂದು ಬಗೆದು ಹೊರಗಟ್ಟಲು ಹವಣಿಸುವುದರಿಂದ ಅದನ್ನು ತಡೆಯುವ ಔಷಧಿಯನ್ನು ಬಾಳಿನುದ್ದಕ್ಕೂ ಕೊಡಬೇಕು. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಮೂತ್ರಪಿಂಡದ ಕಸಿ ಫಲಿಸಿದ್ದು ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾದ್ದರಿಂದ.

ಇಷ್ಟೆಲ್ಲ ಪುಸ್ತಕದಲ್ಲಿದೆ. ಆದರೆ ಈ ವಿದ್ಯೆ ಯಾರ ಕೈಯಿಂದ ಬಂತು?

1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಲಿಯಾನ್ ನಗರದಲ್ಲಿ ಇರಿತಕ್ಕೆ ಸಿಕ್ಕಿ ಸತ್ತ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ತುಂಡಾಗಿತ್ತು. ಹೊಲಿದು ಉಳಿಸಲು ಡಾಕ್ಟರುಗಳಿಂದ ಆಗಲಿಲ್ಲ. ಅದೇ ಊರಿನ ಎಳೆಯ ವೈದ್ಯ ಅಲೆಕ್ಸಿಸ್ ಕ್ಯಾರೆಲ್ ನಾಳ ಹೊಲಿಯುವ ವಿದ್ಯೆಯನ್ನು ಸಾಧಿಸಲು ಹೊರಟ. ಲಿಯಾನ್ ರೇಷ್ಮೆ ನೇಯುವವರ ಊರು. ಆತ ಸಣ್ಣ ಸೂಜಿ, ಸಣ್ಣ ದಾರದ ಹದವನ್ನು ಕಲಿತದ್ದು ಅಲ್ಲಿಯ ಒಬ್ಬ ಕಸೂತಿ ಹೆಂಗಸಿನ ಬಳಿ. ಆತನಿಗೆ 1912ರಲ್ಲಿ ನೊಬೆಲ್ ಬಹುಮಾನ ಬಂತು. ಕಸೂತಿಯವಳಿಗೆ ಯಾವ ಬಹುಮಾನವೂ ಬರಲಿಲ್ಲ.

ಇದು ಹಳೆಯ ಮಾತೆನ್ನುವವರು ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಕಡೆ ನೋಡಲಿ. 1967ರ ಡಿಸೆಂಬರ್ 3ರಂದು ಅಲ್ಲಿಯ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಡಾಕ್ಟರ್ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದರು. ಜಗತ್ತಿನಲ್ಲಿ ಅದೇ ಮೊದಲು. ಹೃದಯ ಪಡೆದ ಲೂಯಿಸ್ ವಾಷ್ಕಾನ್ಸ್ಕಿ ಒಬ್ಬ ಕಿರಾಣಿ ವ್ಯಾಪಾರಿ. 18 ದಿನ ಬದುಕಿದ. ಆ ಊರಿನ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಆಗ ಹ್ಯಾಮಿಲ್ಟನ್ ನಾಕಿ ಎಂಬ ಕರಿಯ ಕೆಲಸಗಾರನಿದ್ದ. ಬಡ ಹಳ್ಳಿಯವನು, ಓದು ಪ್ರಾಥಮಿಕ ಶಾಲೆಗೇ ನಿಂತಿತ್ತು. ಹುಡುಗನಾಗಿದ್ದಾಗಲೇ ಕೆಲಸ ಹುಡುಕಿ ಬಂದು ವಿಶ್ವವಿದ್ಯಾಲಯದ ತೋಟದಲ್ಲಿ ಮಾಲಿಯಾದ. 1954ರಲ್ಲಿ ಒಬ್ಬ ಪ್ರೊಫೆಸರರಿಗೆ ಜಿರಾಫೆಯ ಮೇಲಿನ ಪ್ರಯೋಗಕ್ಕೆ ಅದನ್ನು ಹಿಡಿದುಕೊಳ್ಳುವ ಆಳು ಬೇಕಾಯಿತು. ನಾಕಿಯನ್ನು ಕರೆದರು. ಅಂದು ಒಳಹೋದವನು ಅಲ್ಲೇ ಉಳಿದ. ಮೊದಲು ಪ್ರಾಣಿಗಳ ಗೂಡು ತೊಳೆದ. ಆಮೇಲೆ ಅರಿವಳಿಕೆ ಕೊಡುವುದನ್ನು, ಕೊಯ್ಯುವುದನ್ನು, ಹೊಲಿಯುವುದನ್ನು ಕಲಿತ. ಕಡೆಗೆ ನಾಯಿ ಹಂದಿಗಳಲ್ಲಿ ಅಂಗ ಬದಲಿಸುವುದರಲ್ಲೂ ಪಳಗಿದ. ಎಲ್ಲವನ್ನೂ ಕಣ್ಣಿನಿಂದ ನೋಡಿ, ಕೈಯಿಂದ ಮಾಡಿ ಕಲಿತದ್ದು. ಕಸಿ ಕಲಿಯಲು ಬಂದ ಎಳೆಯ ಶಸ್ತ್ರವೈದ್ಯರಿಗೆ ಆತನೇ ಗುರುವಾದ. ಪದವಿ ಪಡೆದು ಬಂದವರ ಕೈ ನಡುಗಿದರೆ ಹಿಡಿದು ತಿದ್ದುತ್ತಿದ್ದವನು ಈ ಮಾಲಿ. ಆತನ ಕೈಚಳಕ ತನ್ನದಕ್ಕಿಂತ ಮಿಗಿಲೆಂದು ಬರ್ನಾರ್ಡರೇ ಕೊನೆಗಾಲದಲ್ಲಿ ಒಪ್ಪಿಕೊಂಡರು. ಆದರೂ ವರ್ಣಭೇದದ ಆ ರಾಜ್ಯದಲ್ಲಿ ಆತ ಡಾಕ್ಟರನಾಗುವ ಹಾಗಿರಲಿಲ್ಲ. ಕಲಿಸಿದ್ದು ಶಸ್ತ್ರವಿದ್ಯೆ, ಹುದ್ದೆ ಮಾತ್ರ ಸಹಾಯಕನದು. 1991ರಲ್ಲಿ ಕೆಲಸದಿಂದ ನಿವೃತ್ತನಾದ. ವರ್ಣಭೇದ ಅಳಿದ ಮೇಲೆ, 2002ರಲ್ಲಿ ರಾಷ್ಟ್ರದ ಗೌರವ, 2003ರಲ್ಲಿ ವಿಶ್ವವಿದ್ಯಾಲಯದ ಗೌರವ ಪದವಿ ಬಂದವು. 2005ರಲ್ಲಿ ತೀರಿಕೊಂಡ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಾಕಿ ಸತ್ತಾಗ ಜಗತ್ತಿನ ದೊಡ್ಡ ದೊಡ್ಡ ಪತ್ರಿಕೆಗಳು, 1967ರ ಆ ರಾತ್ರಿ ದಾನಿಯ ಹೃದಯವನ್ನು ಗುಟ್ಟಾಗಿ ತೆಗೆದುಕೊಟ್ಟವನು ಈತನೇ ಎಂದು ಬರೆದವು. ಅದು ನಿಜವಲ್ಲ. ಅದೇ ವರ್ಷ ಆ ಪತ್ರಿಕೆಗಳೇ ಮಾತು ಹಿಂದಕ್ಕೆ ತೆಗೆದುಕೊಂಡವು. ಆ ರಾತ್ರಿ ಆತ ಆ ಕೊಠಡಿಯಲ್ಲಿ ಇರಲೇ ಇಲ್ಲ. ಕರಿಯನಿಗೆ ಅಲ್ಲಿ ಜಾಗವೆಲ್ಲಿತ್ತು? ಸುಳ್ಳು ಬಯಲಾದೊಡನೆ ಕೆಲವರು ಇಡೀ ಕಥೆಯೇ ಕಟ್ಟುಕಥೆ ಎಂದು ಕೈತೊಳೆದುಕೊಂಡರು. ದುಡಿಯುವವನಿಗೆ ಉತ್ಪ್ರೇಕ್ಷೆಯ ಕಿರೀಟ ತೊಡಿಸುವುದರಿಂದ ಆಗುವ ಹಾನಿ ಇದು. ನಾಕಿಯ ದೊಡ್ಡತನಕ್ಕೆ ಸುಳ್ಳು ಬೇಕಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಡಾಕ್ಟರರಿಗೆ ಕೈಹಿಡಿದು ಕಲಿಸಿದವನಿಗೆ ಗುರುವೆಂಬ ಹೆಸರು ಸಿಗಲಿಲ್ಲ. ಅನ್ಯಾಯವೆಂದರೆ ಇದೇ, ಇಷ್ಟೇ ಸಾಲದೆ?

ಇದು ಗಿರಣಿಯವರಿಗೆ ಹೊಸದೇನಲ್ಲ. ಹೊಸದಾಗಿ ಬಂದ ಇಂಜಿನಿಯರಿಗೆ ಯಂತ್ರದ ಗುಣ ಹೇಳಿಕೊಡುವವನು ಹಳೆಯ ಫಿಟ್ಟರು. ಬಡ್ತಿ ಇಂಜಿನಿಯರಿಗೆ, ಫಿಟ್ಟರು ಇದ್ದಲ್ಲೇ ಇರುತ್ತಾನೆ.

ಎರಡನೆಯ ಋಣ ದಾನಿಯದು. 1968ರ ಜನವರಿಯಲ್ಲಿ ಬರ್ನಾರ್ಡರು ಮಿಶ್ರವರ್ಣದ 24 ವರ್ಷದ ಯುವಕನ ಹೃದಯವನ್ನು ಒಬ್ಬ ಬಿಳಿಯ ದಂತವೈದ್ಯನಿಗೆ ಜೋಡಿಸಿದರು. ಬದುಕಿದ್ದಾಗ ಆ ಯುವಕ ಬಿಳಿಯರ ಬೆಂಚಿನ ಮೇಲೆ ಕೂರುವಂತಿರಲಿಲ್ಲ. ಹೃದಯಕ್ಕೆ ಬಣ್ಣವಿಲ್ಲ, ಬೇಲಿ ಹಾಕುವವರು ಮನುಷ್ಯರು. ನಮ್ಮ ದೇಶದಲ್ಲಿ ಆ ಬೇಲಿ ಹಣದ್ದು. ಬಡವನ ಮೂತ್ರಪಿಂಡಕ್ಕೆ ಬೆಲೆ ಕಟ್ಟಿ ಕೊಳ್ಳುವ ದಲ್ಲಾಳಿಗಳು ಹುಟ್ಟಿಕೊಂಡದ್ದರಿಂದಲೇ 1994ರಲ್ಲಿ ಅಂಗಾಂಗ ಕಸಿ ಕಾನೂನು ಬಂತು. 2011ರ ತಿದ್ದುಪಡಿಯ ಪ್ರಕಾರ ಅಂಗ ಮಾರಾಟದ ದಂಧೆಗೆ 5ರಿಂದ 10 ವರ್ಷ ಸಜೆ, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಮಿದುಳು ಸತ್ತಿದೆಯೆಂದು ಸಾರಲು ನಾಲ್ವರು ವೈದ್ಯರು 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಕಸಿ ಮಾಡುವ ವೈದ್ಯರು ಆ ನಾಲ್ವರಲ್ಲಿ ಇರಕೂಡದು. ಅಂಗ ಬೇಡುವವನೇ ಸಾವನ್ನು ಸಾರಕೂಡದೆಂಬ ಈ ಕಟ್ಟಳೆ ನಮ್ಮ ರಕ್ಷಣೆಗಿದೆ. ಪ್ರತಿಯೊಬ್ಬನೂ ಇದನ್ನು ತಿಳಿದಿರಬೇಕು.

ಹಾಗೆಂದು ದಾನಕ್ಕೆ ನಾವು ವಿರೋಧಿಗಳಲ್ಲ. ಸತ್ತ ಮೇಲೆ ಮಣ್ಣಾಗುವ ಅಂಗ ಇನ್ನೊಬ್ಬನನ್ನು ಬದುಕಿಸುವುದಾದರೆ ಅದಕ್ಕಿಂತ ದೊಡ್ಡ ಸಮಾಜವಾದ ಯಾವುದು? ಆದರೆ ದಾನ ಬಡವನ ಮನೆಯಿಂದ, ಕಸಿ ಹಣವಂತನಿಗೆ ಎಂದಾದರೆ ಅದು ದಾನವಲ್ಲ, ಸುಲಿಗೆ. ಖಾಸಗಿ ಆಸ್ಪತ್ರೆಯಲ್ಲಿ ಕಸಿಗೆ ಲಕ್ಷಗಟ್ಟಲೆ ಬೇಕು. ಆಮೇಲೆ ಔಷಧಿಯ ಖರ್ಚು ಸಾಯುವ ತನಕ.

ನಮ್ಮ ಬೇಡಿಕೆ ಸ್ಪಷ್ಟ. ಕಸಿ ಮಾಡುವ ಏರ್ಪಾಡು, ಆಮೇಲಿನ ಔಷಧಿ ಸಹಿತ, ಸರಕಾರಿ ಆಸ್ಪತ್ರೆಗಳಲ್ಲಿ ಬಡವನಿಗೆ ಎಟುಕಬೇಕು. ಆಸ್ಪತ್ರೆಗಳಲ್ಲಿ ದುಡಿದು ಕಲಿಸುವ ದಾದಿಯರಿಗೂ ಪ್ರಯೋಗಶಾಲೆಯ ನೌಕರರಿಗೂ ಗುತ್ತಿಗೆಯ ಕೂಲಿಯಲ್ಲ, ಕಾಯಂ ಕೆಲಸವೂ ಹೆಸರೂ ದೊರಕಬೇಕು. ಶಸ್ತ್ರವಿದ್ಯೆ ಕಲಿಯುವವರಿಗೆ ನಾಳದ ಹೊಲಿಗೆಯ ಜೊತೆಗೆ ಕಾನೂನಿನ ಪಾಠವೂ, ಕಸೂತಿಯವಳ ಮತ್ತು ಮಾಲಿಯ ಪಾಠವೂ ಆಗಬೇಕು. ತನ್ನ ವಿದ್ಯೆ ಯಾರ ಕೈಯಿಂದ ಬಂತೆಂದು ಬಲ್ಲ ವೈದ್ಯ ದಲ್ಲಾಳಿಯನ್ನು ಬಾಗಿಲಿನಿಂದಾಚೆಗೆ ಅಟ್ಟುತ್ತಾನೆ. ಅದನ್ನು ಮರೆತವನ ಕೈ ಎಷ್ಟು ಚುರುಕಾಗಿದ್ದರೂ ಅವನ ಕಲಿಕೆ ಅರ್ಧಕ್ಕೇ ನಿಂತಿತೆಂದು ನಾವು ತಿಳಿಯುತ್ತೇವೆ.