ಕಡಲಂಚಿನ ಏರಿಳಿತಗಳು

ನಮ್ಮ ಶಹಾಪುರದ ತರುಣನೊಬ್ಬನು ಕಾರವಾರದಿಂದ ಭಟ್ಕಳದವರೆಗೆ, 100 ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು, ಸೈಕಲ್ಲಿನ ಮೇಲೆ ಕ್ರಮಿಸಲು ನಿಶ್ಚಯಿಸಿರುವನು. “ಮಾಸ್ತರರೇ, ಸಮುದ್ರತೀರವೆಂದ ಮೇಲೆ ನೆಲ ಸಮತಟ್ಟಾಗಿರುವುದಷ್ಟೆ? ಶ್ರಮವೇನು?” ಎಂದು ನನ್ನನ್ನು ಕೇಳಿದನು. ಎರೆಹೊಲಗಳ ನಡುವೆ ಬೆಳೆದ ನಮಗೆ ಈ ಭ್ರಾಂತಿ ಸಹಜವೇ ಸರಿ.

ಆ ಸೀಮೆಯಲ್ಲಿ ಸಹ್ಯಾದ್ರಿಯ ಕವಲುಗಳು ಕಡಲಿನವರೆಗೂ ಚಾಚಿವೆ. ನಡುನಡುವೆ ಗಂಗಾವಳಿ, ಅಘನಾಶಿನಿ, ಶರಾವತಿಗಳು ಸಮುದ್ರವನ್ನು ಕೂಡುತ್ತವೆ. ಆದಕಾರಣ ದಿಬ್ಬವೊಂದನ್ನೇರಿ ಗಳಿಸಿದ ಎತ್ತರವನ್ನೆಲ್ಲ ಮುಂದಿನ ಹೊಳೆಯ ಬಳಿ ಕಳೆದುಕೊಂಡು, ಪುನಃ ಮೊದಲಿನಿಂದ ಏರಬೇಕು. ಘಟ್ಟವಾದರೆ ಒಮ್ಮೆ ಏರಿದರೆ ತೀರಿತು, ಇಲ್ಲಿ ಹಾಗಲ್ಲ. ಏರಿಗಿಂತಲೂ ಇಳಿಜಾರೇ ಅಪಾಯಕರವೆಂದು ನನ್ನ ಮತ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಗಾಲಿಯ ರಿಮ್ಮು ಕಾಯುವುದು. ಬಿಟ್ಟು ಬಿಟ್ಟು ಹಿಡಿಯಬೇಕು.

ಮಳೆಗಾಲದಲ್ಲಂತೂ ಸರ್ವಥಾ ಕೂಡದು. 2024ನೆಯ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡವೇ ಜರಿದು, ಚಹದಂಗಡಿಯೊಂದನ್ನು ಸೆಳೆದುಕೊಂಡು ಗಂಗಾವಳಿಗೆ ಬಿದ್ದಿತು, ಹಲವರು ಅಸುನೀಗಿದರು. ಅದೂ ಆಷಾಢಮಾಸವೇ. ಹಸಿರಿನ ಶೋಭೆಗೆಂದು ನಮ್ಮ ತರುಣನು ಆರಿಸಿಕೊಂಡಿದ್ದುದೂ ಆಷಾಢವನ್ನೇ! ಮಾರ್ಗಶಿರದವರೆಗೆ ತಡೆಯೆಂದೆನು. ಒಪ್ಪಿರುವನು. ಮನೆಯಲ್ಲಿ ತಾಯಿಗೆ ಮಾತ್ರ ಇನ್ನೂ ತಿಳಿಸಿಲ್ಲವಂತೆ.